ಡೈಮಂಡ್ ಎಟಿಆರ್ ಜೊತೆ ಆರು ವರ್ಷ: ಒಂದು ಕಣ ಸಾಕು, ಆದರೆ ಅದು ಅಂಟಿ ಕೂರಬೇಕು

ನಮ್ಮ ಎಫ್‌ಟಿಐಆರ್‌ಗೆ (ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಅಂತ ನೋಡಿ ಅದೇನೆಂದು ಗುರುತಿಸುವ ಯಂತ್ರ) ಒಂದೇ ಪ್ರತಿಫಲನದ ಡೈಮಂಡ್ ಎಟಿಆರ್, ಅಂದರೆ ಸ್ಯಾಂಪಲ್ಲನ್ನು ವಜ್ರಕ್ಕೆ ಒತ್ತಿ ಅಳೆಯುವ ಭಾಗ, ಹಾಕಿಸಿ ಆರು ವರ್ಷವಾಯಿತು. ಅದಕ್ಕೂ ಮುಂಚೆ ಎಲ್ಲದಕ್ಕೂ ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಪೆಲೆಟ್ಟೇ, ಅಂದರೆ ಒತ್ತಿದ ಬಿಲ್ಲೆಯೇ ಗತಿ. ಒಂದು ಮಿಲಿಗ್ರಾಂ ಸ್ಯಾಂಪಲ್ಲನ್ನು ನೂರಿನ್ನೂರು ಮಿಲಿಗ್ರಾಂ ಕೆಬಿಆರ್ ಜೊತೆ ಅರೆದು, ಪ್ರೆಸ್‌ನಲ್ಲಿ ಒತ್ತಿ, ಪೆಲೆಟ್ ಮಬ್ಬಾಗಿ ಬಂದರೆ ಮತ್ತೆ ಮೊದಲಿನಿಂದ. ಸಾಲದ್ದಕ್ಕೆ ಅದು ತೇವ ಹೀರಿಕೊಂಡು ಸ್ಪೆಕ್ಟ್ರಮ್‌ನಲ್ಲಿ 3400ರ ಹತ್ತಿರ (ಪೀಕ್‌ಗಳ ಜಾಗ ಹೇಳುವ ಇಂಥ ಅಂಕಿಗಳೆಲ್ಲ ತರಂಗಸಂಖ್ಯೆ, cm⁻¹ನಲ್ಲಿ) ನೀರಿನ ದೊಡ್ಡ ಗುಡ್ಡ ಬೇರೆ. ಇರುವುದೇ ಒಂದು ಕಣ ಅಂದಾಗ ಅದನ್ನು ಅರೆಯೋಕೆ ಯಾರಿಗೆ ಮನಸ್ಸು ಬರುತ್ತದೆ?

ಎಟಿಆರ್‌ನಲ್ಲಿ ಬೆಳಕು ವಜ್ರದೊಳಗೇ ಪ್ರತಿಫಲಿಸಿ ವಾಪಸ್ಸಾಗುತ್ತದೆ, ತಾಗಿದ ಜಾಗದಲ್ಲಿ ಮಾತ್ರ ಒಂದೆರಡು ಮೈಕ್ರೋಮೀಟರ್ ಹೊರಗೆ ಇಣುಕುತ್ತದೆ. ಅಷ್ಟರಲ್ಲಿ ಸಿಕ್ಕಿದ್ದರದೇ ಸ್ಪೆಕ್ಟ್ರಮ್. ಅಂದರೆ ಸ್ಯಾಂಪಲ್ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಚೆನ್ನಾಗಿ ತಾಗಿದೆ ಅನ್ನುವುದೇ ಮುಖ್ಯ. ಮೊದಲ ವರ್ಷ ಇದು ತಲೆಗೆ ಹೋಗಿರಲಿಲ್ಲ. ಪೀಕ್ ಸಣ್ಣದಾಗಿ ಬಂದರೆ ಸುಮ್ನೆ ಇನ್ನಷ್ಟು ಪುಡಿ ಸುರಿಯುತ್ತಿದ್ದೆ. ಈಗ ಲೈವ್ ಸ್ಪೆಕ್ಟ್ರಮ್ ನೋಡುತ್ತಾ ಕ್ಲ್ಯಾಂಪ್ ತಿರುಗಿಸುತ್ತೇನೆ, ಪೀಕ್ ಬೆಳೆಯುವುದು ನಿಂತ ಮೇಲೆ ಸ್ಕ್ಯಾನ್.

ಒಂಟಿ ನೂಲಿನೆಳೆಯನ್ನು ಉದ್ದಕ್ಕೆ ಇಡಬೇಡಿ, ಸೂಜಿಯಿಂದ ಉಂಡೆ ಮಾಡಿ ವಜ್ರದ ನಡುವೆ ಇಡಿ. ಪ್ಲಾಸ್ಟಿಕ್ ಕಣ ಸ್ಥಾಯಿ ವಿದ್ಯುತ್ತಿಗೆ ಹಾರಿಹೋಗುತ್ತದೆ (ಎಷ್ಟು ಸಲ ನೆಲದ ಮೇಲೆ ಮಂಡಿಯೂರಿ ಹುಡುಕಿದ್ದೇನೋ!), ಸೂಜಿತುದಿಗೆ ಚೂರು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತಾಗಿಸಿಕೊಂಡರೆ ಅಂಟಿಕೊಂಡು ಬರುತ್ತದೆ, ಆದರೆ ಅದು ಪೂರ್ತಿ ಆರಿದ ಮೇಲೆಯೇ ಸ್ಕ್ಯಾನ್ ಮಾಡಿ. ಸಿಗ್ನಲ್ ಕಡಿಮೆ ಇದ್ದರೆ 16ರ ಬದಲು 64 ಸ್ಕ್ಯಾನ್ ಹಾಕಿ, ನಾಯ್ಸ್ ಅರ್ಧಕ್ಕಿಳಿಯುತ್ತದೆ.

ನಾನು ಬೇಸ್ತುಬಿದ್ದ ಕಥೆಯೂ ಇದೆ. ಫಿಲ್ಟರ್ ಮೇಲೆ ಬಿಳಿ ಚುಕ್ಕೆ ಸಿಕ್ಕಿತ್ತು. 1650, 1540ರಲ್ಲಿ ಚಂದದ ಪೀಕ್‌ಗಳು, ಲೈಬ್ರರಿ (ಗೊತ್ತಿರುವ ವಸ್ತುಗಳ ಸ್ಪೆಕ್ಟ್ರಮ್‌ಗಳ ಸಂಗ್ರಹ) ರೇಷ್ಮೆ ಅಂತ ಹೇಳಿತು, ಮ್ಯಾಚ್ ಸ್ಕೋರ್ ಕೂಡ ಜಾಸ್ತಿಯೇ ಇತ್ತು. ರೇಷ್ಮೆ ಅಲ್ಲಿಗೆ ಎಲ್ಲಿಂದ ಬರಬೇಕು? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನನ್ನದೇ ಕೈ ಚರ್ಮದ ಹೊಟ್ಟನ್ನು ಇಟ್ಟು ನೋಡಿದೆ. ಹೆಚ್ಚುಕಡಿಮೆ ಅದೇ ಸ್ಪೆಕ್ಟ್ರಮ್! ಪ್ರೋಟೀನ್ ಅಂದರೆ ಅಷ್ಟೇ, ಯಾವುದರದ್ದು ಅನ್ನುವುದನ್ನು ಸ್ಕೋರ್ ಹೇಳುವುದಿಲ್ಲ. ಅವತ್ತಿನಿಂದ ಪ್ರತಿ ಸ್ಯಾಂಪಲ್‌ಗೂ ಮುಂಚೆ ಖಾಲಿ ವಜ್ರದ ಒಂದು ಸ್ಕ್ಯಾನ್ ತೆಗೆಯುತ್ತೇನೆ, 2920, 2850ರಲ್ಲಿ ಏನಾದರೂ ಕಂಡರೆ ಬೆರಳಿನ ಜಿಡ್ಡೋ ಹಳೇ ಸ್ಯಾಂಪಲ್ಲೋ ಉಳಿದಿದೆ ಅಂತ ಮತ್ತೆ ಒರೆಸುತ್ತೇನೆ.

ಕಿರಿಕಿರಿಗಳೂ ಇವೆ. 1800ರಿಂದ 2300ರವರೆಗೆ ವಜ್ರವೇ ಬೆಳಕು ಹೀರುತ್ತದೆ, ಅಲ್ಲಿ ಬರುವ ನೈಟ್ರೈಲ್‌ನ (ಕಾರ್ಬನ್-ನೈಟ್ರೋಜನ್ ತ್ರಿಬಂಧದ) ಸಣ್ಣ ಪೀಕ್ ನಂಬೋಕೆ ಕಷ್ಟ. ಕಡಿಮೆ ತರಂಗಸಂಖ್ಯೆಯ ಕಡೆ ಬೆಳಕು ಹೆಚ್ಚು ಆಳಕ್ಕೆ ಹೋಗುವುದರಿಂದ ಆ ಪೀಕ್‌ಗಳು ಉಬ್ಬಿ ಕಾಣುತ್ತವೆ, ಹಳೆಯ ಟ್ರಾನ್ಸ್‌ಮಿಷನ್ (ಬೆಳಕನ್ನು ಸ್ಯಾಂಪಲ್ ಮೂಲಕವೇ ಹಾಯಿಸಿ ತೆಗೆದ) ಲೈಬ್ರರಿಗೆ ಹೋಲಿಸುವಾಗ ಎಟಿಆರ್ ಕರೆಕ್ಷನ್ ಮರೆಯಬೇಡಿ. ಕಾರ್ಬನ್ ತುಂಬಿದ ಕಪ್ಪು ರಬ್ಬರ್‌ಗೆ ಇದು ಆಗುವುದಿಲ್ಲ, ಬೇಸ್‌ಲೈನ್ ಸೊಟ್ಟಗಾಗಿ ಪೀಕ್‌ಗಳ ಆಕಾರವೇ ಕೆಡುತ್ತದೆ. ಅದಕ್ಕೆ ವಜ್ರದ ಬದಲು ಜರ್ಮೇನಿಯಂ ಹರಳು ಬೇಕು, ಅದರ ವಕ್ರೀಭವನಾಂಕ 4, ವಜ್ರದ್ದು 2.4, ಹಾಗಾಗಿ ಬೆಳಕು ಇಣುಕುವುದೂ ವಜ್ರದ ಮೂರನೇ ಒಂದರಷ್ಟೇ. ಜಿಂಕ್ ಸೆಲೆನೈಡ್ ಹರಳು ಅಗ್ಗ ನಿಜ, ಆದರೆ ನಮ್ಮ ಹಳೆಯದನ್ನು ಒಂದು ಆಮ್ಲದ ಹನಿ ತಿಂದುಹಾಕಿತು.

ವಜ್ರಕ್ಕೆ ಇದುವರೆಗೆ ಒಂದು ಗೀರೂ ಬಿದ್ದಿಲ್ಲ, ಕ್ಲ್ಯಾಂಪಿನ ತುದಿ ಮಾತ್ರ ಗಟ್ಟಿ ಕಣ ಒತ್ತಿ ಒತ್ತಿ ಕುಳಿ ಬಿದ್ದು ಒಮ್ಮೆ ಬದಲಿಸಿದೆವು. ಕಣ್ಣಿಗೆ ಕಾಣುವ ಚೂರು ಯಾವುದಿದ್ದರೂ ನಾನು ಮೊದಲು ಇಲ್ಲೇ ಇಡುವುದು. ಕಾಣದಷ್ಟು ಚಿಕ್ಕದಾದರೆ ಇದರಲ್ಲಿ ಹೆಣಗಾಡಬೇಡಿ, ಜರ್ಮೇನಿಯಂ ತುದಿಯ ಐಆರ್ ಮೈಕ್ರೋಸ್ಕೋಪ್ ಇರುವವರ ಹತ್ತಿರ ಹೋಗಿ.