ಗಡಸುತನ 58 ಎಂದು ಹೇಳಿ 42 ಕೊಟ್ಟವನ ಬಾಣದಲಗುಗಳು: ಮಿಷಿಗನ್‌ನ ಕನ್ನಡ ಬಿಲ್ಲುಗಾರರೇ, ಕೊಳ್ಳಬೇಡಿ

ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಜಾಹೀರಾತು ಓಡಾಡುತ್ತಿದೆ. "ಕೈಯಿಂದ ಮಾಡಿದ ಸಿಂಗಲ್ ಬೆವೆಲ್ ಬ್ರಾಡ್‌ಹೆಡ್, ಎ2 ಟೂಲ್ ಸ್ಟೀಲ್, ಗಡಸುತನ 58, ತೂಕ 200 ಗ್ರೇನ್, ಮೂರಕ್ಕೆ 110 ಡಾಲರ್, ಪೊಟ್ಟಣ ಬಿಚ್ಚಿ ನೇರ ಬೇಟೆಗೆ." ಬ್ರಾಡ್‌ಹೆಡ್ ಎಂದರೆ ಬೇಟೆಯ ಬಾಣದ ತುದಿಗೆ ಸಿಕ್ಕಿಸುವ ಅಗಲ ಅಲಗು, ಸಿಂಗಲ್ ಬೆವೆಲ್ ಎಂದರೆ ಅಂಚನ್ನು ಒಂದೇ ಬದಿಯಿಂದ ಇಳಿಜಾರಾಗಿ ಸಾಣೆ ಹಿಡಿದದ್ದು, 58 ಎಂಬುದು ಉಕ್ಕಿನ ಗಡಸುತನ ಅಳೆಯುವ ರಾಕ್‌ವೆಲ್ ಅಂಕಿ. ಜೊತೆಗೆ ಹಳೆಯ ಮರದ ಹಲಗೆಯ ಮೇಲೆ ಕಪ್ಪು ಅಲಗು, ಪಕ್ಕದಲ್ಲಿ ಉಗುರು ಸೀಳಿದ ಒಂದು ಹೆಬ್ಬೆರಳು ಇರುವ ಫೋಟೋ. ಆ ಫೋಟೋ ಕಂಡರೆ ಮುಂದಕ್ಕೆ ಹೋಗಿ. ಕೊಳ್ಳಬೇಡಿ. ನಾನು ಎರಡು ಪೊಟ್ಟಣ ಕೊಂಡೆ, 220 ಡಾಲರ್ ಹೋಯಿತು. ಹೋದ ಹಣದ ಸಿಟ್ಟು ಒಂದು ವಾರದಲ್ಲಿ ಇಳಿಯುತ್ತಿತ್ತೋ ಏನೋ, ಆತ ಕೊಟ್ಟ ಉತ್ತರಗಳ ಸಿಟ್ಟು ಇಳಿಯುತ್ತಿಲ್ಲ. ಅವನ್ನು ಇದ್ದಂತೆಯೇ ಬರೆಯುತ್ತೇನೆ, ನೀವೇ ಓದಿ.

ಊರಿನಿಂದ ಓದುವವರು ಬೈಯುವ ಮೊದಲು ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ, ಅದರಲ್ಲಿ ನನಗೆ ತಕರಾರಿಲ್ಲ. ಇಲ್ಲಿ ಪರವಾನಗಿ ಪಡೆದು, ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ, ಆಮೇಲೆ ಮತ್ತೆ ಡಿಸೆಂಬರ್‌ನಲ್ಲಿ, ಬಿಲ್ಲು ಹಿಡಿದು ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗಬಹುದು. ನವೆಂಬರ್ 15ರಿಂದ 30 ಬಂದೂಕಿನವರ ಕಾಲ. ಹೆಸರಾಂತ ಬಿಲ್ಲು ಬೇಟೆಗಾರ ಫ್ರೆಡ್ ಬೇರ್ ಗ್ರೇಲಿಂಗ್ ಊರಿನಲ್ಲಿ ಬಿಲ್ಲಿನ ಕಾರ್ಖಾನೆ ನಡೆಸಿ, 1956ರಲ್ಲಿ ರೇಜರ್‌ಹೆಡ್ ಎಂಬ ಅಲಗನ್ನು ಹೊರತಂದ ರಾಜ್ಯ ಇದು. ಹಳೆಯ ಬಗೆಯ ಬಿಲ್ಲನ್ನು ಇಲ್ಲಿ ಯಾರೂ ಆಟಿಕೆಯೆಂದು ನೋಡುವುದಿಲ್ಲ.

ಅಲಗಿನ ಬಗ್ಗೆ ಇಷ್ಟು ಹಾರಾಟ ಏಕೆ ಎಂದು ಬಂದೂಕಿನ ಗೆಳೆಯರು ಕೇಳುತ್ತಾರೆ. ಗುಂಡು ಬಡಿತದಿಂದ ಕೊಲ್ಲುತ್ತದೆ, ಬಾಣ ರಕ್ತನಾಳವನ್ನು ಕೊಯ್ದು ಕೊಲ್ಲುತ್ತದೆ. ರಾಟೆಗಳಿರುವ ಕಾಂಪೌಂಡ್ ಬಿಲ್ಲಿನವರ ಎಷ್ಟೋ ಕೊರತೆಗಳನ್ನು ವೇಗ ಮುಚ್ಚಿಬಿಡುತ್ತದೆ. ನಾನು ಎಳೆಯುವುದು 45 ಪೌಂಡಿನ ರೀಕರ್ವ್, ಅಂದರೆ ತುದಿ ಹೊರಬಾಗಿದ ಹಳೆಯ ಬಗೆಯ ಬಿಲ್ಲು, ಅದರಲ್ಲಿ ಮುಚ್ಚಿಕೊಳ್ಳಲು ಏನೂ ಇಲ್ಲ. ಅಲಗಿನ ಬಾಯಿ ಮೊಂಡಾಗಿದ್ದರೆ, ಮೂಳೆಗೆ ತಾಗಿ ಮೊನೆ ಮಡಚಿದರೆ, ಜಿಂಕೆ ಗಾಯ ಹೊತ್ತು ಓಡುತ್ತದೆ. ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. 110 ಡಾಲರ್ ತೆಗೆದುಕೊಂಡವನಿಗೆ ಇದು ಗೊತ್ತಿರಬೇಕು. ಗೊತ್ತಿತ್ತು, ಅದೇ ನನ್ನ ಸಿಟ್ಟು.

ಮಾರಿದವನು ನಮ್ಮವನೇ, ಕನ್ನಡದವನು. ಹೆಸರು ಹಾಕುವುದಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪರಿಚಯವಾಯಿತು. ನನಗಿಂತ ಚಿಕ್ಕವನು, ಬಾಯಿ ತೆರೆದರೆ "ಅಣ್ಣಾ". "ನಮ್ಮಜ್ಜ ಮಲೆನಾಡಿನಲ್ಲಿ ಕುಲುಮೆ ನಡೆಸುತ್ತಿದ್ದರು ಅಣ್ಣಾ, ಕಬ್ಬಿಣದ ಹದ ನಮಗೆ ಯಾರೂ ಹೇಳಿಕೊಡಬೇಕಿಲ್ಲ" ಎಂದ. ಅಲಗನ್ನು ಒಂದೇ ಉಕ್ಕಿನ ಸಲಾಕೆಯಿಂದ ಕೊರೆದು ತೆಗೆಯುತ್ತಾನಂತೆ, ಹದವನ್ನು ವಾರನ್ ಊರಿನ ಕಾರ್ಖಾನೆಯೊಂದರಲ್ಲಿ ಮಾಡಿಸುತ್ತಾನಂತೆ, ಫೋಟೋ ತನ್ನ ಗ್ಯಾರೇಜಿನದಂತೆ. ಬೇಟೆಯ ಬಾಣ ಎಷ್ಟು ಆಳಕ್ಕೆ ಇಳಿಯುತ್ತದೆಂದು ಪರೀಕ್ಷಿಸಿ ಬರೆದ ಡಾಕ್ಟರ್ ಎಡ್ ಆ್ಯಶ್ಬಿಯವರ ವರದಿಗಳನ್ನು ಓದಿಯೇ ಈ ಆಕಾರ ಆರಿಸಿದ್ದಂತೆ. ಬಾಣದ ಗರಿ ಹಕ್ಕಿಯ ಬಲಗಡೆಯ ರೆಕ್ಕೆಯದೋ ಎಡಗಡೆಯದೋ ಎಂದು ಅವನೇ ಕೇಳಿದ. ಬಲಗಡೆಯದು ಎಂದೆ. "ಹಾಗಾದರೆ ಬಲ ಬೆವೆಲ್ ಕೊಡುತ್ತೇನೆ, ಬೇರೆಯವರು ಇದನ್ನು ಕೇಳುವುದೂ ಇಲ್ಲ ನೋಡಿ" ಎಂದ. ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳುವ ಮೋಸಗಾರ ಎಷ್ಟು ಅಪಾಯ ಎಂದು ನನಗೆ ಈಗ ಗೊತ್ತು.

ಸರಕು ಬಂತು. ತೋಳಿನ ಮೇಲೆ ಎಳೆದು ನೋಡಿದರೆ ಒಂದು ಕೂದಲೂ ಹೋಗಲಿಲ್ಲ. ಸಂದೇಶ ಕಳುಹಿಸಿದೆ. ಉತ್ತರ: "ಕೊನೆಯ ಸಾಣೆಯನ್ನು ಬೇಟೆಗಾರನೇ ಹಿಡಿಯಬೇಕು ಅಣ್ಣಾ, ಅದೇ ಸಂಪ್ರದಾಯ." ಪೊಟ್ಟಣ ಬಿಚ್ಚಿ ನೇರ ಬೇಟೆಗೆ ಎಂದು ಬರೆದವನೇ ಇವನು!

ತೂಕ ಹಾಕಿದೆ. 200 ಗ್ರೇನ್ ಎಂದರೆ ಸುಮಾರು 13 ಗ್ರಾಂ. ಅತಿ ಹಗುರವಾದದ್ದು 188 ಗ್ರೇನ್, ಅತಿ ಭಾರದ್ದು 209. ಒಳ್ಳೆಯ ತಯಾರಕರು ಒಂದೆರಡು ಗ್ರೇನ್ ಆಚೀಚೆ ಆದರೂ ಬೇರೆ ಇಡುತ್ತಾರೆ. 21 ಗ್ರೇನ್ ವ್ಯತ್ಯಾಸವಿದ್ದರೆ ಬಾಣ ಕೋಲಿನ ಬಾಗುವಿಕೆಯೇ ಬದಲಾಗುತ್ತದೆ, ಎರಡು ಬಾಣ ಒಂದೇ ಕಡೆ ಹೋಗುವುದಿಲ್ಲ. ಉತ್ತರ: "ನಿಮ್ಮ ತಕ್ಕಡಿ ಅಡುಗೆಮನೆಯದಿರಬೇಕು." ಅಲ್ಲ, ಅದು ಗ್ರೇನ್ ಲೆಕ್ಕದ ತಕ್ಕಡಿಯೇ.

ಆರರಲ್ಲಿ ಎರಡು ಎಡ ಬೆವೆಲ್. ಬಲಗರಿಯ ಬಾಣ ಬಲಕ್ಕೆ ತಿರುಗುತ್ತಾ ಹೋಗುತ್ತದೆ, ಬಲ ಬೆವೆಲ್ ಅದೇ ತಿರುವನ್ನು ಮಾಂಸ ಮೂಳೆಯೊಳಗೂ ಮುಂದುವರಿಸುತ್ತದೆ. ಸಿಂಗಲ್ ಬೆವೆಲ್‌ಗೆ ಹೆಚ್ಚು ಹಣ ಕೊಡುವುದೇ ಇದಕ್ಕೆ. ಎಡ ಬೆವೆಲ್ ಸಿಕ್ಕಿಸಿದರೆ ಹಿಂದಿನ ಗರಿ ಒಂದು ಕಡೆಗೆ, ಮುಂದಿನ ಅಲಗು ಇನ್ನೊಂದು ಕಡೆಗೆ ಎಳೆಯುತ್ತವೆ. ಬದಲಿಸಿ ಕೊಡಿ ಎಂದು ಕೇಳಿದೆ. ಉತ್ತರವನ್ನು ಅಕ್ಷರ ಬಿಡದೆ ಹಾಕುತ್ತೇನೆ: "ಎರಡೂ ತಿರುಗುತ್ತವೆ ಅಣ್ಣಾ. ಜಿಂಕೆಗೆ ಎಡ ಬಲ ಗೊತ್ತೇ?" ಕೊನೆಗೆ ಒಂದು ನಗುವ ಮುಖ ಬೇರೆ.

ಅಷ್ಟರ ಮೇಲೂ ಕೂತು ಸಾಣೆ ಹಿಡಿಯಲು ಹೊರಟೆ. ಬಾಯಿ ಒರಟಾಗಿತ್ತು, ಮೊದಲು ಅರ ಹಾಕಿದೆ. 58ರ ಗಡಸುತನದ ಉಕ್ಕಿನ ಮೇಲೆ ಅರ ಸುಲಭವಾಗಿ ಕಚ್ಚುವುದಿಲ್ಲ, ಜಾರುತ್ತದೆ, ಕೀರಲು ಸದ್ದು ಬರುತ್ತದೆ. ಇಲ್ಲಿ ಅರ ಬೆಲ್ಲದ ಅಚ್ಚಿನ ಮೇಲೆ ಎಳೆದಂತೆ ಇಳಿಯಿತು. ಕೈ ನಿಲ್ಲಿಸಿಬಿಟ್ಟೆ. ನಾನು ವಾಹನದ ಬಿಡಿಭಾಗಗಳ ಉದ್ಯಮದಲ್ಲಿ ಸಂಬಳ ತೆಗೆದುಕೊಳ್ಳುವವನು, ಉಕ್ಕಿನ ಪುಡಿ ಹೇಗೆ ಉದುರುತ್ತದೆಂದು ಕಣ್ಣಿಗೆ ಗೊತ್ತು. ಇದು ಉದುರಿದ ರೀತಿ ನೋಡಿಯೇ ಹೊಟ್ಟೆ ತಣ್ಣಗಾಯಿತು.

ಮೆದು ಉಕ್ಕೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಝ್ವಿಕಿಯಂಥ ಹಳೆಯ ಅಲಗುಗಳನ್ನು ಇಲ್ಲಿನ ಹಿರಿಯರು ದಶಕಗಳಿಂದ ಅರದಿಂದಲೇ ಹರಿತ ಮಾಡಿಕೊಂಡು ಬೇಟೆಯಾಡಿದ್ದಾರೆ. ಆ ತಯಾರಕರು 58 ಎಂದು ಹೇಳಿ 110 ಡಾಲರ್ ಕೇಳಲಿಲ್ಲ.

ಮರುವಾರ ಬಿಲ್ಲುಗಾರಿಕೆಯ ಮೈದಾನಕ್ಕೆ ಒಯ್ದೆ. ಅರ್ಧ ಇಂಚಿನ ಪ್ಲೈವುಡ್ ಹಲಗೆಗೆ ಹೊಡೆದೆ. ಮೊನೆ ಕೊಕ್ಕೆಯಾಗಿ ಮಡಚಿಕೊಂಡಿತು. ಇನ್ನೊಂದು, ಅದೂ ಮಡಚಿತು. ಅಲ್ಲಿ ಪ್ರತಿ ಶನಿವಾರ ಬರುವ ಒಬ್ಬ ಹಿರಿಯರಿದ್ದಾರೆ, ಎಪ್ಪತ್ತು ದಾಟಿದವರು, ಮಾತು ಕಡಿಮೆ. ಅಲಗನ್ನು ಕೈಗೆ ತೆಗೆದುಕೊಂಡು ಹೊರಳಿಸಿ ನೋಡಿದರು, ಅಂಗೈ ಮೇಲೆ ಬಾಣ ನಿಲ್ಲಿಸಿ ತಿರುಗಿಸಿದರು. ಮೊನೆ ವೃತ್ತ ಬಿಡಿಸುತ್ತಿತ್ತು, ಅಂದರೆ ಬುಡವೂ ನೇರವಿಲ್ಲ. "ಎಲ್ಲಿ ಕೊಂಡೆ?" ಎಂದು ಕೇಳಿದರು. ನಮ್ಮ ಭಾಷೆಯವನೊಬ್ಬ ಮಾಡುತ್ತಾನೆ ಎಂದು ನಾನೇ ಹಿಂದಿನ ತಿಂಗಳು ಅವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅವರಿಗೂ ಅದು ನೆನಪಾಗಿರಬೇಕು, ಎರಡನೆಯ ಸಲ ಕೇಳಲಿಲ್ಲ. ಅಲಗನ್ನು ಮೆತ್ತಗೆ ನನ್ನ ಕೈಗೆ ಹಾಕಿ ಹೋದರು. ಬೈದಿದ್ದರೂ ಪರವಾಗಿರಲಿಲ್ಲ.

ಪ್ಲೈವುಡ್ ಸಂಗತಿ ಹೇಳಿದಾಗ ಬಂದ ಉತ್ತರ: "ಪ್ಲೈವುಡ್ ಜಿಂಕೆಯಲ್ಲ ಅಣ್ಣಾ." ಜಿಂಕೆಯ ಹೆಗಲ ಮೂಳೆ ಏನು, ಹತ್ತಿಯೇ? ಆ್ಯಶ್ಬಿಯವರ ಹೆಸರು ಹೇಳಿ ಮಾರಿದೆಯಲ್ಲ, ಅವರ ಹನ್ನೆರಡು ಅಂಶಗಳ ಪಟ್ಟಿಯಲ್ಲಿ ಮೊದಲನೆಯದೇ ಬಾಣ ಮುರಿಯದೆ ಬಾಗದೆ ಉಳಿಯುವುದು, ಎರಡನೆಯದು ನೇರ ಹಾರುವುದು ಎಂದು ಬರೆದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಎರಡು ದಿನದ ಮೇಲೆ: "ಕಲ್ಲಿಗೆ ಬಡಿದಿರಬೇಕು, ನೆನಪು ಮಾಡಿಕೊಳ್ಳಿ."

ಕೆಲಸದ ಕಡೆಯ ಗೆಳೆಯನೊಬ್ಬ ಹದ ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದಾನೆ. ರಾಕ್‌ವೆಲ್ ಯಂತ್ರಕ್ಕೆ ಇಟ್ಟ. 41, 43, 42. ಮೂರು ಕಡೆ ಒತ್ತಿದರೂ ಅಷ್ಟೇ. ಕಪ್ಪು ಲೇಪವನ್ನು ಬುಡದ ಹತ್ತಿರ ಕೆರೆದಾಗ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಎದ್ದು ಕಾಣಿಸಿತು. ಸಲಾಕೆಯಿಂದ ಕೊರೆದ ಅಲಗಿಗೆ ಅಚ್ಚಿನ ಗೆರೆ ಎಲ್ಲಿಂದ ಬರಬೇಕು? ಗೆಳೆಯ ನಗಲಿಲ್ಲ. ಫೋಟೋ ಇದೆಯೇ ಎಂದು ಕೇಳಿದ, ಅದನ್ನೇ ಹಾಕಿ ಚಿತ್ರ ಹುಡುಕಾಟ ಮಾಡಿದ.

ಬಂತು. ಹೊರದೇಶದ ಸಗಟು ಮಾರಾಟದ ಜಾಲತಾಣ. ಅದೇ ಮರದ ಹಲಗೆ, ಅದೇ ಕಪ್ಪು ಅಲಗು, ಅದೇ ಉಗುರು ಸೀಳಿದ ಹೆಬ್ಬೆರಳು. ಒಂದರ ಬೆಲೆ ಮೂರು ಡಾಲರ್‌ಗೂ ಕಡಿಮೆ. ನಾನು ಆ ಹೆಬ್ಬೆರಳನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಅದನ್ನು ಅವನದೇ ಬೆರಳೆಂದು ನಂಬಿದ್ದೆ. ಕೆಲಸ ಮಾಡುವವನ ಕೈ ಹೀಗೇ ಇರುತ್ತದೆ ಎಂದು ಹೆಂಡತಿಗೆ ಫೋಟೋ ತೋರಿಸಿ ಹೇಳಿದ್ದೆ. ರಾಜ್ಯೋತ್ಸವದಲ್ಲಿ ಅವನು ಹೋಳಿಗೆ ಮುರಿಯುವಾಗ ಕೈ ನೋಡಿದ್ದೆನಲ್ಲ, ಉಗುರು ನೀಟಾಗಿತ್ತು! ಕಣ್ಣಿಗೆ ಬಿದ್ದಿತ್ತು, ತಲೆಗೆ ಹತ್ತಲಿಲ್ಲ. ಅಜ್ಜನ ಕುಲುಮೆ, ಕಬ್ಬಿಣದ ಹದ, ಗ್ಯಾರೇಜು, ವಾರನ್, ಎಲ್ಲವೂ ಒಂದು ಬೆರಳಿನಲ್ಲಿ ಕಳಚಿ ಬಿತ್ತು.

ಕೊಂಡಿಯನ್ನು ಅವನಿಗೆ ಕಳುಹಿಸಿದೆ. ಉತ್ತರ: "ಅವರು ನನ್ನ ಫೋಟೋ ಕದ್ದಿದ್ದಾರೆ ಅಣ್ಣಾ." ಅವರ ಪುಟದಲ್ಲಿ ಅದೇ ಬೆರಳು ಹಿಡಿದ ನೂರಾರು ಸಾಮಾನಿವೆ, ಮೀನಿನ ಗಾಳವೂ ಇದೆ. ಅದನ್ನು ಹೇಳಿದೆ. "ನೀವು ಇಂಜಿನಿಯರುಗಳು ಎಲ್ಲದರಲ್ಲೂ ತಪ್ಪು ಹುಡುಕುತ್ತೀರಿ" ಎಂದ. ರಾಕ್‌ವೆಲ್ ಅಂಕಿ ಹೇಳಿದೆ. "ಅರ ಹಾಕಿದ ಮೇಲೆ ಹದ ಹೋಗುತ್ತದೆ, ಖಾತರಿಯೂ ಹೋಗುತ್ತದೆ." ಕೈಯಿಂದ ಅರ ಎಳೆದರೆ ಉಕ್ಕು ಹದ ಬಿಡುವಷ್ಟು ಬಿಸಿಯಾಗುವುದಿಲ್ಲ, ಕುಲುಮೆಯವರ ಮೊಮ್ಮಗನಿಗೆ ಇದನ್ನು ನಾನು ಹೇಳಿಕೊಡಬೇಕಾಯಿತು.

ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಅಮೆರಿಕದಲ್ಲಿ ಬ್ರಾಡ್‌ಹೆಡ್ ತಯಾರಿಸುವವರು, ಹೊರಗಿನಿಂದ ತಂದು ಮಾರುವವರು 11 ಶೇಕಡಾ ಫೆಡರಲ್ ಅಬಕಾರಿ ತೆರಿಗೆ ಕಟ್ಟಬೇಕು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ದಾರಿಯಲ್ಲಿ ಆ ಹಣ ರಾಜ್ಯಗಳಿಗೆ, ಕಾಡು ಮತ್ತು ವನ್ಯಜೀವಿಗಳ ಕೆಲಸಕ್ಕೆ ಹೋಗುತ್ತದೆ. ಕಟ್ಟುತ್ತೀಯಾ ಎಂದೆ. ಅಲ್ಲಿಂದ "ಅಣ್ಣಾ" ನಿಂತುಹೋಯಿತು. "ಸಾರ್, ಇಷ್ಟು ಸಣ್ಣ ವಿಷಯಕ್ಕೆ ನಮ್ಮ ನಮ್ಮಲ್ಲೇ ಜಗಳ ಬೇಡ. ಮುಂದಿನ ಸಲ 20 ಶೇಕಡಾ ರಿಯಾಯಿತಿ ಕೊಡುತ್ತೇನೆ." ಮುಂದಿನ ಸಲವಂತೆ!

ಹಣ ವಾಪಸ್ ಬಂದಿಲ್ಲ. "ಕಾರ್ಡಿಗೆ ಶುಲ್ಕ ಬೀಳುತ್ತದೆ ಅಣ್ಣಾ, ಆ್ಯಪ್‌ನಲ್ಲಿ ಹಾಕಿಬಿಡಿ" ಎಂದಿದ್ದ. ಬ್ಯಾಂಕಿನವರು, ನೀವೇ ಒಪ್ಪಿ ಕಳುಹಿಸಿದ್ದೀರಿ, ನಮ್ಮಿಂದ ಏನೂ ಆಗದು ಎಂದರು. ಕ್ರೆಡಿಟ್ ಕಾರ್ಡ್ ಆಗಿದ್ದರೆ ತಕರಾರು ಹಾಕಬಹುದಿತ್ತು. ಆದ್ದರಿಂದ ಕಾರ್ಡ್ ಬೇಡ ಎನ್ನುವವನ ಹತ್ತಿರ ಅಲಗು ಬೇಡ. ಉಕ್ಕು ಯಾವುದು, ಗಡಸುತನ ಎಷ್ಟು, ಮಡಚಿದರೆ ಬದಲಿಸುತ್ತೀಯಾ, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ. ಸರಕು ಬಂದ ದಿನವೇ ತೂಕ ಹಾಕಿ, ಬಾಣಕ್ಕೆ ಸಿಕ್ಕಿಸಿ ತಿರುಗಿಸಿ, ಬುಡದಲ್ಲಿ ಒಂದು ಸಲ ಅರ ಎಳೆಯಿರಿ. ಅಗಲವನ್ನೂ ಅಳೆಯಿರಿ, ಮಿಷಿಗನ್ ನಿಯಮದಂತೆ 7/8 ಇಂಚಿಗೆ ಕಡಿಮೆ ಇರುವಂತಿಲ್ಲ. ಹೊಸಬರಾದರೆ ಸಿಂಗಲ್ ಬೆವೆಲ್ ಮೋಹ ಬಿಟ್ಟು, ಒಂದೇ ತುಂಡಿನ ಮೂರು ಅಂಚಿನ ಅಲಗು ಕೊಳ್ಳಿ. ಎರಡು ಅಂಚನ್ನು ಒಟ್ಟಿಗೆ ಕಲ್ಲಿನ ಮೇಲೆ ಮಲಗಿಸಿ ತಿಕ್ಕಿದರೆ ಹರಿತವಾಗುತ್ತದೆ, ಕೋನ ತಪ್ಪುವ ಭಯವಿಲ್ಲ. ನಾನು ಈ ಋತುವಿಗೆ ಅದನ್ನೇ ಕೊಂಡಿದ್ದೇನೆ, ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ, ರಸೀದಿ ಪಡೆದು.

ಈ ವಿಷಯವನ್ನು ಗುಂಪಿನಲ್ಲಿ ಹಾಕಿದ್ದಕ್ಕೆ ನನ್ನನ್ನೇ ಹೊರಹಾಕಿದರು. ಕನ್ನಡಿಗರ ಕಾಲು ಕನ್ನಡಿಗರೇ ಎಳೆಯಬಾರದಂತೆ. ಮೊನ್ನೆ ಒಬ್ಬ ಗೆಳೆಯ ಹೊಸ ಜಾಹೀರಾತನ್ನು ಕಳುಹಿಸಿದ. ಕಪ್ಪಿನ ಬದಲು ಹಸಿರು ಲೇಪ, ಗಡಸುತನ ಈಗ 60, ಮೂರಕ್ಕೆ 95 ಡಾಲರ್, "ಕೆಲವೇ ಪೊಟ್ಟಣ ಉಳಿದಿವೆ". ಈ ಸಲ ಫೋಟೋದಲ್ಲಿ ಬೆರಳನ್ನು ಕತ್ತರಿಸಿ ತೆಗೆದಿದ್ದಾನೆ. ಹಲಗೆ ಅದೇ.