ಲಿಮ್ನೋಸ್ ದ್ವೀಪದಲ್ಲಿ ಕೈಟ್‌ಸರ್ಫಿಂಗ್ ರಜೆ: ಕಲಬುರಗಿಯ ಪ್ರವಾಸಿಯ ವಿಮರ್ಶೆ

ಗ್ರೀಸ್ ಎಂದೊಡನೆ ಕಲಬುರಗಿಯ ಟ್ರಾವೆಲ್ ಏಜೆಂಟರು ಸ್ಯಾಂಟೊರಿನಿಯ ಚಿತ್ರಗಳನ್ನೇ ಮುಂದಿಡುತ್ತಾರೆ. ಆ ಜನಜಂಗುಳಿ ಬೇಡವೆನ್ನುವ ಕುಟುಂಬಗಳಿಗೆ ಉತ್ತರ ಏಜಿಯನ್ ಸಮುದ್ರದ ಲಿಮ್ನೋಸ್ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ದ್ವೀಪದ ಪೂರ್ವಭಾಗದ ಕೆರೋಸ್ ತೀರದಲ್ಲಿ ದಡದ ಬಳಿ ನೀರು ಆಳವಿಲ್ಲ, ತಳ ಮರಳಿನದು. ಬೇಸಿಗೆಯಲ್ಲಿ ಉತ್ತರ ದಿಕ್ಕಿನಿಂದ ಬೀಸುವ ಮೆಲ್ಟೆಮಿ ಗಾಳಿಯನ್ನು ನಂಬಿಯೇ ಇಲ್ಲಿನ ಕೈಟ್‌ಸರ್ಫಿಂಗ್, ಅಂದರೆ ದೊಡ್ಡ ಗಾಳಿಪಟದ ಎಳೆತದಿಂದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಆಟದ ತರಬೇತಿ ನಡೆಯುತ್ತದೆ. ಮೊದಲು ದಡದಲ್ಲಿ ಗಾಳಿಪಟದ ಹಿಡಿತವನ್ನೂ, ಅಪಾಯದ ಹೊತ್ತಿನಲ್ಲಿ ಅದರ ಎಳೆತವನ್ನು ತಕ್ಷಣ ಕಳಚುವ ವಿಧಾನವನ್ನೂ ಕಲಿಸಿ, ನಂತರ ಹಲಗೆಯಿಲ್ಲದೆ ನೀರಿನಲ್ಲಿ ಎಳೆಸಿಕೊಂಡು ಸಾಗುವ ಅಭ್ಯಾಸ ಮಾಡಿಸಿ, ಕೊನೆಗಷ್ಟೇ ಹಲಗೆಯ ಮೇಲೆ ನಿಲ್ಲಿಸಿದ ತರಬೇತುದಾರರ ತಾಳ್ಮೆ ಮೆಚ್ಚುವಂಥದ್ದು. ಸಮುದ್ರವೇ ಕಾಣದ ನಮ್ಮ ಬಿಸಿಲುನಾಡಿನವರು ಹೊರಡುವ ಮೊದಲು ಈಜು ಕಲಿತಿರುವುದು ಲೇಸು.

ಗಾಳಿ ಬಿದ್ದ ದಿನಗಳೂ ವ್ಯರ್ಥವಾಗುವುದಿಲ್ಲ. ಗೊಮಾಟಿಯ ಮರಳುದಿಬ್ಬಗಳಿವೆ; ಮಿರಿನಾ ಕೋಟೆಯೊಳಗೆ ಜಿಂಕೆಗಳು ನಿರ್ಭಯವಾಗಿ ಮೇಯುತ್ತವೆ. ಬೀದರ್ ಕೋಟೆಯನ್ನು ಸುತ್ತಿ ಬೆಳೆದ ಮಕ್ಕಳಿಗೆ ಇದೇ ಹೆಚ್ಚು ಹಿಡಿಸಿತು. ಅಲಿಕಿ ಉಪ್ಪುಸರೋವರ ಮಾತ್ರ ಬೇಸಿಗೆಯಲ್ಲಿ ಬತ್ತುವುದರಿಂದ, ರಾಜಹಂಸಗಳ ಆಸೆಯಿಂದ ಹೋಗುವವರು ಚಳಿಗಾಲ ಅಥವಾ ವಸಂತವನ್ನು ಆರಿಸಿಕೊಳ್ಳಬೇಕು.

ಊಟದಲ್ಲಿ ಸ್ಥಳೀಯ ಕಲಥಾಕಿ ಚೀಸ್ ರುಚಿಕರ. ಆದರೆ ನಾವು ತಂಗಿದ ವಸತಿಯಲ್ಲಿ ಸಸ್ಯಾಹಾರದ ಆಯ್ಕೆಗಳು ತೀರ ಕಡಿಮೆಯಿದ್ದವು, ಶೇಂಗಾ ಹಿಂಡಿಯ ಡಬ್ಬಿಯೇ ಕಾಪಾಡಿತು. ಬಸ್ಸುಗಳು ವಿರಳವಾದ್ದರಿಂದ ಬಾಡಿಗೆ ಕಾರಿನ ಖರ್ಚನ್ನೂ, ಷೆಂಗೆನ್ ವೀಸಾಕ್ಕೆ ಬೇಕಾಗುವ ಸಮಯವನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.