ನಾಟಕ ಬಿಟ್ಟ ಮೇಲೆ ನಡೆದೇ ಮನೆಗೆ: ಜೆ.ಪಿ. ನಗರವೋ, ಬಸವನಗುಡಿಯೋ?

ಬೆಂಗಳೂರಿನಲ್ಲಿ ಮನೆ ಹುಡುಕುವವರು ನೀರು, ಪಾರ್ಕಿಂಗ್, ಆಫೀಸಿನ ದೂರ ವಿಚಾರಿಸುತ್ತಾರೆ. ನನಗೆ ಇನ್ನೊಂದು ಆಸೆ ಇತ್ತು. ಸಂಜೆ ನಾಟಕಕ್ಕೋ ಸಂಗೀತ ಕಚೇರಿಗೋ ಹೋಗಿ, ರಾತ್ರಿ ನಡೆದೇ ಮನೆಗೆ ಬರಬೇಕು. ಹಾಗಾಗಿ ಎರಡು ಬಡಾವಣೆಗಳಲ್ಲಿ ಬಾಡಿಗೆಗಿದ್ದೆ. ಮೂರನೆಯದರಲ್ಲಿ ಚಿಕ್ಕಮ್ಮನ ಮನೆಯಲ್ಲಿ ಒಂದು ಮಳೆಗಾಲ ಕಳೆದೆ.

ಮೊದಲನೆಯದು ಜೆ.ಪಿ. ನಗರ ಎರಡನೇ ಫೇಸ್. ಕಾರಣ ಒಂದೇ, ರಂಗಶಂಕರ. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿ, 2004ರಲ್ಲಿ ತೆರೆದ ರಂಗಮಂದಿರ. ಸೋಮವಾರ ಬಿಟ್ಟರೆ ಹೆಚ್ಚುಕಮ್ಮಿ ದಿನಾ ನಾಟಕ. ಏಳೂವರೆ ಅಂದರೆ ಏಳೂವರೆ, ತಡವಾದರೆ ಒಳಗೆ ಬಿಡೋದಿಲ್ಲ. ಹತ್ತೇ ನಿಮಿಷದ ದಾರಿ ಅಲ್ವಾ ಅಂತ ನಾನು ಒಮ್ಮೆ ಮನೆಯಲ್ಲಿ ಸುಮ್ನೆ ಕೂತಿದ್ದೆ. ಹೋಗಿ ಮುಟ್ಟಿದಾಗ ಎರಡು ನಿಮಿಷ ತಡ. ಯಲಹಂಕದಿಂದ ಬಂದವರು ಒಳಗೆ, ಪಕ್ಕದ ಬೀದಿಯವನು ಹೊರಗೆ! ಟಿಕೆಟ್ ಜೇಬಿನಲ್ಲಿಟ್ಟುಕೊಂಡೇ ಅಲ್ಲಿನ ಕೆಫೆಯಲ್ಲಿ ಅಕ್ಕಿರೊಟ್ಟಿ ತಿಂದು ಬಂದೆ. ತಪ್ಪು ನನ್ನದೇ.

ನಾಟಕದ ಮಟ್ಟಿಗೆ ಆ ಊರಿಗೆ ಸಾಟಿ ಇಲ್ಲ. ಆದರೆ ನಾಟಕ ಬಿಟ್ಟ ಮೇಲೆ? ಹೊರಗೆ ಬಂದರೆ ಸಾಲು ಮನೆ, ಮುಚ್ಚಿದ ಗೇಟು. ಫುಟ್‌ಪಾತ್ ಮೇಲೆ ಕಾರು. ನೋಡುವುದೆಲ್ಲ ಆ ಒಂದು ಕಟ್ಟಡದೊಳಗೇ ಮುಗಿದು ಹೋಗುತ್ತದೆ. ಒಳ್ಳೆಯ ಸಿನಿಮಾ ನೋಡಬೇಕು ಅನಿಸಿದರೆ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಗೆ ಆಟೋ ಹಿಡಿಯಬೇಕು. ರಿಂಗ್ ರೋಡ್ ಕಡೆ ತಿರುಗಿದರಂತೂ ನಡೆಯುವ ಆಸೆಯೇ ಸತ್ತುಹೋಗುತ್ತದೆ.

ಬಸವನಗುಡಿ ಹಾಗಲ್ಲ. 1898ರ ಪ್ಲೇಗಿನ ಕಾಲಕ್ಕೆ ಪೇಟೆಯ ಹೊರಗೆ ಬೆಳೆದ ಬಡಾವಣೆ ಇದು. ಅಂದಿನವರಿಗೆ ಕಾಲೇ ಗಾಡಿ. ಗುಡಿ, ಸಂತೆ, ಶಾಲೆ ಎಲ್ಲ ಕೈಗೆಟುಕುವಂತೆ ಇರಲೇಬೇಕಿತ್ತು. ಅದರ ಲಾಭ ಈಗ ನಮಗೆ. ನನ್ನ ಮನೆ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ. ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ಹೊರಟರೆ ಹತ್ತು ನಿಮಿಷದೊಳಗೆ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ. 1945ರಿಂದ ಇದೆ. ಹೆಚ್ಚಿನ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ. ಉಪನ್ಯಾಸವೋ ಹಾಡೋ, ಹೋಗಿ ಕೂತರಾಯಿತು. ಬೇಸರವಾದರೆ ಎದ್ದು ಬರುವುದಕ್ಕೂ ನೋವಿಲ್ಲ, ಮನೆ ಇಲ್ಲೇ ತಾನೇ. ಕೆ.ಆರ್. ರಸ್ತೆಯ ಗಾಯನ ಸಮಾಜ ಇನ್ನೂ ಹಳೆಯದು, 1905ರದ್ದು. ರಾಮನವಮಿ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ತಿಂಗಳ ಕಾಲ ಕಚೇರಿ. ಅರ್ಧ ಗಂಟೆ ನಡಿಗೆ. ವಾಪಸ್ ಬರುವಾಗ ಸಜ್ಜನ್‌ರಾವ್ ಸರ್ಕಲ್ ಕಡೆಯಿಂದ ಬಂದರೆ ತಿಂಡಿ ಬೀದಿ. ಕೇಳಿದ ಕಲ್ಯಾಣಿ ರಾಗವನ್ನು ಗುನುಗುತ್ತಾ ಹೋಳಿಗೆ ತಿನ್ನುವ ಸುಖ ಜೆ.ಪಿ. ನಗರದಲ್ಲಿ ನನಗೆ ಒಂದು ದಿನವೂ ಸಿಗಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಅಲ್ಲಿ ಎರಡು ರೂಮಿಗೆ ಕೊಡುತ್ತಿದ್ದ ಬಾಡಿಗೆಗೆ ಇಲ್ಲಿ ಸಿಕ್ಕಿದ್ದು ಒಂದೇ ರೂಮು, ಅದೂ ಮೂರನೇ ಮಹಡಿ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ಬಂದರೆ ರಾತ್ರಿಯೆಲ್ಲ ಪೀಪಿ ಸದ್ದು. ನಾಟಕವೂ ಕಮ್ಮಿ. ಹನುಮಂತನಗರದ ಕೆ.ಎಚ್. ಕಲಾಸೌಧಕ್ಕೆ ನಡೆದೇ ಹೋಗಬಹುದು, ಆದರೆ ದಿನಾ ಏನಾದರೂ ಇರುತ್ತದೆ ಅನ್ನುವ ಭರವಸೆ ಇಲ್ಲ.

ಚಿಕ್ಕಮ್ಮನ ಮನೆ ಇದ್ದ ಮಲ್ಲೇಶ್ವರವೂ ಇದೇ ವಯಸ್ಸಿನದು. ಕಾರ್ಯಕ್ರಮಗಳು ನಡೆಯುವ ಸೇವಾಸದನ ಇದೆ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಇದೆ. ಮನೆಗಳ ಹಿಂದೆ ಕಸ, ಕೊಳಚೆ ಸಾಗಿಸಲು ಅಂತ ಹಿಂದೆ ಬಿಟ್ಟಿದ್ದ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಗಾಡಿಗಳ ಕಾಟ ಕಮ್ಮಿ, ನಡೆಯುವುದಕ್ಕೆ ಅದೇ ಮಜಾ. ಬಸವನಗುಡಿಗಿಂತ ಅರ್ಧ ಅಂಕ ಜಾಸ್ತಿಯೇ ಕೊಡುತ್ತಿದ್ದೆನೋ ಏನೋ. ಆದರೆ ಚಿಕ್ಕಮ್ಮ ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ ಹಾಕುತ್ತಿದ್ದರು. ಕಚೇರಿಯ ಕಡೆಗೆ ಬರುವ ತನಿ ಆವರ್ತನ, ಅಂದರೆ ಮೃದಂಗದಂಥ ತಾಳವಾದ್ಯದವರಷ್ಟೇ ನುಡಿಸುವ ಭಾಗ, ಒಂದನ್ನೂ ಪೂರ್ತಿ ಕೇಳಲಾಗಲಿಲ್ಲ.

ಈಗ ಬಸವನಗುಡಿಯಲ್ಲೇ ಇದ್ದೇನೆ. ನಾಟಕಕ್ಕೆ ಮಾತ್ರ ಜೆ.ಪಿ. ನಗರಕ್ಕೆ ಆಟೋ. ಕಳೆದ ಭಾನುವಾರ ಏಳೂವರೆಯ ನಾಟಕಕ್ಕೆ ಆರು ಗಂಟೆಗೇ ಹೊರಟೆ.